ಓದದೆ ಹಾಕಿದ ಸಹಿ

ಗಲ್ಫಿಗೆ ದುಡಿಯಲು ಹೊರಟ ನಮ್ಮ ಕರಾವಳಿಯ ಹುಡುಗನ ಚೀಲದಲ್ಲಿ ಪಾಸ್‌ಪೋರ್ಟ್, ವೀಸಾ, ವೈದ್ಯಕೀಯ ವರದಿ, ಉದ್ಯೋಗದ ಕರಾರುಪತ್ರ ಎಲ್ಲವೂ ಇವೆ. ಕರಾರಿಗೆ ಅವನ ಸಹಿಯೂ ಬಿದ್ದಿದೆ. ಆದರೆ ಅರಬಿ, ಇಂಗ್ಲಿಷ್‌ನಲ್ಲಿರುವ ಅದನ್ನು ಅವನು ಓದಿಲ್ಲ. ಓದದೆ ಹಾಕಿದ ಸಹಿಯನ್ನು ಒಪ್ಪಿಗೆ ಎನ್ನಬಹುದೇ?

ಹತ್ತನೇ ತರಗತಿ ಪಾಸಾಗದವರು ಸೌದಿ, ಕುವೈತ್‌ನಂಥ ದೇಶಗಳಿಗೆ ಕೆಲಸಕ್ಕೆ ಹೋಗಲು ಸರಕಾರದ ಅನುಮತಿ ಬೇಕೆಂಬ ವ್ಯವಸ್ಥೆ 1983ರ ವಲಸೆ ಕಾಯ್ದೆಯಡಿ ಬಂತು. ಉದ್ದೇಶ ಅವರ ರಕ್ಷಣೆಯೇ. ಆದರೆ ಆ ರಕ್ಷಣೆಯೂ ಅವರು ಓದಲಾರದ ಕಾಗದವಾಗಿಯೇ ಕೈಸೇರುತ್ತದೆ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರಕಾರದ ಸೊತ್ತು, ಧಣಿಯದ್ದಲ್ಲ. ಇದು ತಿಳಿಯದವನು ಕಫೀಲ ಕೇಳಿದೊಡನೆ ಅದನ್ನು ಒಪ್ಪಿಸಿಬಿಡುತ್ತಾನೆ.

ತಪ್ಪೆಲ್ಲ ಏಜೆಂಟನದು, ಕಫೀಲನದು ಎಂದು ನಾವು ಕೈ ತೊಳೆದುಕೊಳ್ಳುತ್ತೇವೆ. ಆದರೆ ಹೊರಡುವ ಮುನ್ನ ಅದೇ ಕಾಗದ ಹಿಡಿದು ಆತ ಓದುಬಲ್ಲ ನಮ್ಮ ಬಳಿಗೂ ಬಂದಿದ್ದ. ‘ಎಲ್ಲ ಸರಿಯಿದೆ, ಸಹಿ ಹಾಕು ಮಾರಾಯ’ ಎಂದು ಕಳುಹಿಸಿದವರು ನಾವೇ. ಸಂಬಳವೆಷ್ಟು, ದುಡಿಮೆ ಎಷ್ಟು ಗಂಟೆ, ರಜೆ ಯಾವಾಗ, ಮರಳುವ ಟಿಕೆಟಿನ ಖರ್ಚು ಯಾರದ್ದು? ಇಷ್ಟನ್ನು ಅವನ ಭಾಷೆಯಲ್ಲಿ ಓದಿ ಹೇಳಲು ಅರ್ಧ ಗಂಟೆ ಸಾಕಿತ್ತು. ವಿದ್ಯೆಯಿದ್ದೂ ಓದಿ ಹೇಳದ ನಾವು ಆ ಸಹಿಯಲ್ಲಿ ಪಾಲುದಾರರು.