ನಾಲಿಗೆಗೆ ತಿಳಿಯದ್ದು

ನಮ್ಮ ಚಳ್ಳಕೆರೆ ಸೀಮೆಯಲ್ಲಿ ನೀರಿಗೆ ಹಿಂದಿನಿಂದ ಎರಡು ಪರೀಕ್ಷೆ: ಬಾಯಿಗೆ ಸಿಹಿಯೋ ಸವುಳೋ, ಬೇಳೆ ಬೇಗ ಬೇಯುತ್ತದೋ ಇಲ್ಲವೋ. ನಮ್ಮವ್ವ ಊರ ಬಾವಿಗಳನ್ನೆಲ್ಲ ಹೀಗೇ ಅಳೆದಿದ್ದಳು. ಈಗ ನಾವು ಕುಡಿಯುವುದು ಬಂಡೆಯ ಸೀಳುಗಳಲ್ಲಿ ಬಹುಕಾಲ ನಿಂತ ಬೋರ್ ನೀರು. ಬಂಡೆಯ ಫ್ಲೋರೈಡ್ ಅದರಲ್ಲಿ ಕರಗಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಾಯಿಸಿದರೂ ಹೋಗುವುದಿಲ್ಲ. ಸುಣ್ಣದಂಶ ಕಡಿಮೆಯಿದ್ದು ಬೇಳೆಯನ್ನು ಚೆನ್ನಾಗಿ ಬೇಯಿಸುವ ನೀರಿನಲ್ಲೇ ಎಷ್ಟೋ ಸಲ ಅದು ಹೆಚ್ಚು. ಅವ್ವನ ಪರೀಕ್ಷೆಯಲ್ಲಿ ಗೆದ್ದ ನೀರೇ ಮಕ್ಕಳ ಹಲ್ಲಿಗೆ ಕಂದು ಕಲೆ ತರಬಹುದು, ವರ್ಷಗಟ್ಟಲೆ ಕುಡಿದವರ ಕೀಲು ಬಿಗಿಯಬಹುದು.

ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ನನಗೆ ಇದು ಪ್ರಮಾಣದ, ಅಂದರೆ ಯಾವುದರಿಂದ ಸರಿಯಾಗಿ ತಿಳಿಯುತ್ತೇವೆಂಬುದರ ಪ್ರಶ್ನೆ. ಪ್ರತ್ಯಕ್ಷ ಇಲ್ಲಿ ಸೋಲುತ್ತದೆ. ಅನುಮಾನಕ್ಕೆ, ಅಂದರೆ ಗುರುತು ನೋಡಿ ಊಹಿಸಿ ತಿಳಿಯುವುದಕ್ಕೆ, ಬೇಕಾದ ಗುರುತು ಹಲ್ಲಿನ ಕಲೆ. ಅದು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಉಳಿಯುವುದು ಶಬ್ದ, ಬಲ್ಲವರ ಮಾತು. ಬಲ್ಲವರೆಂದು ಯಾರನ್ನು ನಂಬೋಣ? ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಹೇಳುವ ಪ್ರಕಾರ, ಆಪ್ತ, ಅಂದರೆ ಮಾತು ನಂಬಲು ತಕ್ಕವನು, ವಿಷಯವನ್ನು ತಾನೇ ಕಂಡು ತಿಳಿದಿರಬೇಕು, ಕಂಡದ್ದನ್ನು ಕಂಡಂತೆ ತಿಳಿಸುವ ಇಚ್ಛೆಯೂ ಇರಬೇಕು. ಋಷಿಗಾಗಲಿ ಮ್ಲೇಚ್ಛನಿಗಾಗಲಿ ಈ ಲಕ್ಷಣ ಒಂದೇ ಎಂದೂ ಸೇರಿಸುತ್ತಾನೆ. ಆ ಮಾತು ನನಗೆ ಬಹಳ ಇಷ್ಟ.

ಪಕ್ಕದ ಮನೆಯ ಸೊಸೆ ಕೇಳಿದಳು: "ಮೇಷ್ಟ್ರೇ, ಫಿಲ್ಟರ್ ಮಾರೋನು ಮೀಟರ್ ಅದ್ದಿ ತೋರಿಸ್ದ, ನಂಬರ್ ಕಮ್ಮಿ ಬಂತು. ಮಗೂಗೆ ಕುಡಿಸಬಹುದಾ?"

"ಆ ಟಿಡಿಎಸ್ ಮೀಟರ್ ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ನೋಡಿ, ಒಟ್ಟು ಉಪ್ಪಿನ ಅಂದಾಜು ಹೇಳುತ್ತೆ ಕಣಮ್ಮ. ಫ್ಲೋರೈಡ್ ಎಷ್ಟು ಅಂತ ಬೇರೆಯಾಗಿ ಹೇಳೋಕೆ ಅದಕ್ಕೆ ಬರಲ್ಲ," ಎಂದೆ. ಮಾರುವವನಿಗೆ ಸುಳ್ಳಿನ ಉದ್ದೇಶವಿಲ್ಲದಿರಬಹುದು. ಆದರೂ ತಾನು ಕಾಣದ್ದಕ್ಕೆ ಅವನು ಸಾಕ್ಷಿ ನುಡಿಯುತ್ತಿದ್ದಾನೆ.

ಜಲಜೀವನ್ ಮಿಷನ್ನಿನಲ್ಲಿ ಊರಿಗೆ ಐದು ಮಂದಿ ಹೆಂಗಸರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ಕಲಿಸಬೇಕೆಂದಿದೆ. ಹಾಗೆ ಕಲಿತು, ನೀರಿಗೆ ದ್ರಾವಣದ ಹನಿ ಹಾಕಿ, ಬಂದ ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸುವ ಹೆಣ್ಣುಮಗಳು ವಾತ್ಸ್ಯಾಯನನ ಲೆಕ್ಕದಲ್ಲಿ ಆಪ್ತಳೇ. ಜಿಲ್ಲಾ ಪ್ರಯೋಗಾಲಯ ಇನ್ನೂ ನಿಖರವಾಗಿ ಕಾಣಬಲ್ಲದು. ಆದರೆ ಕಂಡದ್ದು ಫೈಲಿನಲ್ಲೇ ಉಳಿದರೆ ಆಪ್ತನ ಎರಡನೆಯ ಲಕ್ಷಣ ಅಲ್ಲಿಲ್ಲ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದ ನಾಡು ಇದು. ಜಾತ್ರೆಯಲ್ಲಿ ಅರವಟಿಗೆ ಇಡುವುದು ಪುಣ್ಯವೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಕೊಟ್ಟ ನೀರು ಎಂಥದೆಂದು ತಿಳಿಸದೆ ಆ ಪುಣ್ಯ ಪೂರ್ತಿಯಾಗುವುದೆಂದು ನಾನು ಒಪ್ಪಲಾರೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ತಂದೆತಾಯಿಯ ಸೇವೆ, ಪ್ರಾಣಿದಯೆಗಳ ಜೊತೆಗೇ ಸತ್ಯ ನುಡಿಯಬೇಕೆಂದೂ ಕೆತ್ತಿಸಿದ. ಎಲ್ಲರಿಗೂ ತಲುಪಲೆಂದು ಬಯಲಲ್ಲಿ ಕೆತ್ತಿಸಿದ.

ಹಾಗೆಯೇ ಶುದ್ಧ ನೀರಿನ ಘಟಕದ ಗೋಡೆಯ ಮೇಲೂ ಬರೆಯಲಿ: ಯಾವ ಬೋರಿನ ನೀರು, ಯಾವ ತಾರೀಕು ಪರೀಕ್ಷೆಯಾಯಿತು, ಶೋಧಿಸುವ ಮುಂಚೆ ಫ್ಲೋರೈಡ್ ಎಷ್ಟಿತ್ತು, ಶೋಧಿಸಿದ ಮೇಲೆ ಎಷ್ಟು, ಪರೀಕ್ಷಿಸಿದವರು ಯಾರು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಎಂಬ ಭಾರತೀಯ ಮಾನಕವನ್ನೂ ಪಕ್ಕದಲ್ಲೇ ಬರೆಯಲಿ. ಅಂಕಿ ಮೀರಿದ ದಿನವೂ ಅದನ್ನು ಅಳಿಸದಿರಲಿ.