ದಾಮಾಜಿಪಂತರ ಪಾವತಿ



ಬೆಟ್ಟ ಹತ್ತಿ ದಣಿದು ಬಂದಿದ್ದೀರಿ. ಸ್ವಲ್ಪ ನೆರಳಿಗೆ ಕೂತು ಈ ನಾಲ್ಕು ಮಾತು ಓದಿರಿ. ಕಾಣಿಕೆ ವಿಷಯ ಅಂದಕೂಡಲೇ ಪುಟ ತಿರುವಬ್ಯಾಡ್ರಿ. ಹಣ ಕೇಳಲಿಕ್ಕೆ ಇದನ್ನು ಬರೆದದ್ದಲ್ಲ.

ಬಹಮನಿ ಬಾದಶಹರು ಬೀದರದಿಂದ ಆಳುತ್ತಿದ್ದ ಕಾಲ. ಮಂಗಳವೇಢೆಯಲ್ಲಿ ದಾಮಾಜಿಪಂತರೆಂಬ ಅಧಿಕಾರಿ ಇದ್ದರು. ಬಸವಣ್ಣನವರು ಮೊದಲಿಗೆ ಕರಣಿಕರಾಗಿ ಲೆಕ್ಕ ಬರೆದದ್ದು ಇದೇ ಮಂಗಳವೇಢೆಯಲ್ಲಿ ಎನ್ನುತ್ತಾರೆ. ನಮ್ಮಂಥ ಗುಮಾಸ್ತರಿಗೆ ಅದೊಂದು ಹೆಮ್ಮೆ. ಭೀಕರ ಬರ ಬಿತ್ತು. ಜನ ಹಸಿವಿನಿಂದ ಸಾಯುವುದನ್ನು ನೋಡಲಾರದೆ ದಾಮಾಜಿ ಸರಕಾರದ ಕಣಜ ತೆಗೆದು ಹಂಚಿಬಿಟ್ಟರು. ಸುದ್ದಿ ಬೀದರಿಗೆ ಮುಟ್ಟಿತು, ಹಿಡಿದು ತರಲು ಹುಕುಂ ಆಯಿತು. ಅವರು ದಾರಿಯಲ್ಲಿರುವಾಗಲೇ ಪಂಢರಪುರದ ವಿಠೋಬ, ವಿಠು ಮಹಾರನೆಂಬ ಊರ ಚಾಕರಿಯವನ ವೇಷದಲ್ಲಿ ಕಂಬಳಿ ಹೊದ್ದು ಬೀದರ ದರಬಾರಿಗೆ ಬಂದು, ಆ ಧಾನ್ಯದ ಪೂರಾ ಹಣ ಸುರಿದನಂತೆ. ಸುರಿದು ಸುಮ್ಮನೆ ಹೋಗಲಿಲ್ಲ. ಪಾವತಿ ಬರೆಸಿಕೊಂಡು, ಅದನ್ನು ದಾಮಾಜಿ ದಿನಾ ಓದುವ ಪೋಥಿಯೊಳಗೆ ಇಟ್ಟು ಮಾಯವಾದ.

ದೇವರೇ ಹಣ ಕಟ್ಟಿದರೂ ಪಾವತಿ ಬಿಡಲಿಲ್ಲ ನೋಡ್ರಿ!

ಈಗ ಕಾಲ ಬೇರೆ. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ನವೆಂಬರ್ 8ರಂದು ಹಳೆಯ 500, 1000ರ ನೋಟು ರದ್ದಾದವು. ಅಲ್ಲಿಂದ ಫೋನಿನ ಹಣ ಊರೂರು ಹೊಕ್ಕಿತು. ಭಾಲ್ಕಿಯ ಚಹಾದಂಗಡಿ, ಔರಾದ ಸಂತೆ, ಎಲ್ಲಿ ನೋಡಿದರೂ ಸ್ಕ್ಯಾನರ್ ಹಲಗೆ. ದೇವರ ಮನೆಗೂ ಅದು ಬಂದಿದೆ. ಇಂಗ್ಲೆಂಡಿನ ಚರ್ಚಿನವರು 2018ರಲ್ಲೇ ತಮ್ಮ 16,000ಕ್ಕೂ ಹೆಚ್ಚು ಪ್ರಾರ್ಥನಾ ಸ್ಥಳಗಳಿಗೆ ಕಾರ್ಡಿನಿಂದ ಕಾಣಿಕೆ ಸಲ್ಲಿಸುವ ಯಂತ್ರದ ವ್ಯವಸ್ಥೆ ಮಾಡಿದರು. ನಮ್ಮ ಬೀದರ ಭಾಗದ ಕ್ರೈಸ್ತರಲ್ಲಿ ಹೆಚ್ಚಿನವರು ಮೆಥೋಡಿಸ್ಟ್ ಸಭೆಯವರು. ಭಾನುವಾರ ಸಾಲಿನಿಂದ ಸಾಲಿಗೆ ಕಾಣಿಕೆ ಚೀಲ ಹೋಗುವುದು ಅವರ ಹಳೆಯ ಪದ್ಧತಿ. 2020ರ ಮಾರ್ಚಿನಲ್ಲಿ ಗುಡಿ, ಚರ್ಚು, ಮಸೀದಿ, ಗುರುದ್ವಾರ ಎಲ್ಲಕ್ಕೂ ಬಾಗಿಲು ಬಿತ್ತು. ಚೀಲ ಹಿಡಿಯುವವರಿಲ್ಲ. ಆದರೆ ಕರೆಂಟ್ ಬಿಲ್ಲು, ಪಾದ್ರಿ ಸಾಹೇಬರ ಮನೆಖರ್ಚು, ಬಡಮಕ್ಕಳ ಫೀಸು ನಿಲ್ಲುತ್ತವೆಯೇ? ದೇಶದಲ್ಲಿ ಎಷ್ಟೋ ಸಭೆಗಳವರು ದಶಮಾಂಶವನ್ನು ಫೋನಿನಿಂದಲೇ ಕಳಿಸಲು ಕಲಿತದ್ದು ಆಗ.

"ಫೋನ್‌ಪೇ ಮಾಡಿದ್ರ ಪುಣ್ಯ ಬರ್ತದೇನ್ರಿ?" ಎಂದು ಕೇಳುವವರಿದ್ದಾರೆ. ಯಾಕ ಬರೋದಿಲ್ಲ? ಮೊದಲು ಧಾನ್ಯ ಕೊಟ್ಟರು, ಆಮೇಲೆ ನಾಣ್ಯ, ನೋಟು. ಹರಕೆಯ ಹಣ ಮನಿಯಾರ್ಡರ್ ಮಾಡುತ್ತಿದ್ದ ಕಾಲದಲ್ಲಿ ಅಂಚೆಯಣ್ಣ ತಂದದ್ದು ದೇವರಿಗೆ ಮುಟ್ಟೋದಿಲ್ಲ ಅಂತ ಯಾರೂ ಅನ್ನಲಿಲ್ಲ.

ಆದರೆ ಮುಟ್ಟಬೇಕಾದ ಕಡೆಗೆ ಮುಟ್ಟಿತೋ ಇಲ್ಲವೋ ನೋಡಿಕೊಳ್ಳಬೇಕು. 2025ರ ಜನವರಿಯಲ್ಲಿ ಖಜುರಾಹೊದಲ್ಲಿ ಕಳ್ಳರು ರಾತ್ರೋರಾತ್ರಿ ಅಂಗಡಿಗಳ ಸ್ಕ್ಯಾನರ್ ಮೇಲೆ ತಮ್ಮದನ್ನು ಅಂಟಿಸಿ ಹೋಗಿದ್ದರು. ಬೇರೆ ಹೆಸರು ಬರ್ತಿದೆ ಎಂದು ಗಿರಾಕಿಗಳು ಹೇಳಿದಾಗಲೇ ಅಂಗಡಿಯವರಿಗೆ ತಿಳಿದದ್ದು. 2023ರಲ್ಲಿ ಕೇದಾರ-ಬದರಿಯಲ್ಲಿ ಇಂಥ ಹಲಗೆ ಕಂಡು ದೇವಸ್ಥಾನ ಸಮಿತಿಯವರೇ "ನಾವು ಹಾಕಿಲ್ಲ" ಎಂದು ಪೊಲೀಸರ ಹತ್ತಿರ ಹೋದರು. 2018ರ ಒಂದು ಒಪ್ಪಂದದಂತೆ ಕಂಪನಿಯವರು ಹಾಕಿದ್ದೆಂದು ಆಮೇಲೆ ಗೊತ್ತಾಯಿತು. ಕಳ್ಳತನವಲ್ಲ ನಿಜ, ಆದರೆ ಮನೆಯವರಿಗೇ ತಿಳಿಯದಿದ್ದರೆ ಯಾತ್ರಿಕರು ಏನು ಮಾಡಬೇಕು? ಆದ್ದರಿಂದ ಪಿನ್ ಒತ್ತುವ ಮುಂಚೆ ಫೋನಿನಲ್ಲಿ ಬರುವ ಹೆಸರು ಓದಿರಿ. ಸಂಸ್ಥೆಯ ಹೆಸರಿಲ್ಲದೆ ಯಾರದೋ ಸ್ವಂತ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ, ಕಚೇರಿಯಲ್ಲಿ ಕೇಳಿರಿ. ಪ್ರಸಾದ ಕಳಿಸುತ್ತೇವೆ, ಪಿನ್ ಹೇಳಿ ಎಂದು ಫೋನ್ ಬಂದರೆ ಅವರು ದೇವರ ಕಡೆಯವರಲ್ಲ!

ಇನ್ನೊಂದು ಮಾತು, ನನಗೆ ಇದೇ ದೊಡ್ಡದು. ನೋಟು ಎಣಿಸಿ ಕೊಡುವಾಗ ಕೈಗೆ ಭಾರ ತಿಳಿತದ, ಬೆರಳು ಒತ್ತುವಾಗ ತಿಳಿಯೋದಿಲ್ಲ. ಭಕ್ತಿಯ ಆವೇಶದಲ್ಲಿ ಐದು ಸಾವಿರ ಒತ್ತಿ, ಕೆಳಗೆ ಹೋಗಿ ಬಸ್ ಚಾರ್ಜಿಗೆ ಪರದಾಡುವವರಿದ್ದಾರೆ. ಅದೇ ಫೋನಿನಲ್ಲಿ ಸಾಲವೂ ಸಿಗುತ್ತದೆ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ, ನಮಗೆ ಬೇಕಾದ್ದು ಇಷ್ಟೇ, ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ವಾಪಸು ಕಳಿಸಿದಳು. ದಾಸೋಹಕ್ಕೇ ಆದರೂ ಅಳತೆ ಮೀರಿದ್ದು ಆಕೆಗೆ ಒಪ್ಪಿಗೆಯಾಗಲಿಲ್ಲ. ಸಾಲದ ಕಾಣಿಕೆಯನ್ನು ಆ ತಾಯಿ ಹೊಸ್ತಿಲು ದಾಟಲು ಬಿಡುತ್ತಿದ್ದಳೇ?

ಯೇಸುಸ್ವಾಮಿಯ ಕಥೆಯಲ್ಲಿಯೂ ಶ್ರೀಮಂತರು ಡಬ್ಬಿ ತುಂಬ ಹಾಕುವಾಗ ಆತನ ಕಣ್ಣಿಗೆ ಬಿದ್ದದ್ದು ಎರಡು ಸಣ್ಣ ಕಾಸು ಹಾಕಿದ ಬಡ ವಿಧವೆ. ಫೋನಿನ ಕಾಣಿಕೆಯಲ್ಲಿ ಯಾರು ಎಷ್ಟು ಕೊಟ್ಟರೆಂಬುದು ಹೆಸರು ಸಮೇತ ಬರುತ್ತದೆ. ಲೆಕ್ಕಕ್ಕೆ ಅದು ಒಳ್ಳೆಯದೇ. ಆದರೆ ಆ ಪಟ್ಟಿಯನ್ನು ಮೈಕಿನಲ್ಲಿ ಓದಿ ಹೇಳಿದರೆ ಎರಡು ಕಾಸಿನವರು ಮುಂದಿನ ವಾರ ಬರುವುದಿಲ್ಲ. ಗುಡಿ ಇರಲಿ, ಚರ್ಚು ಇರಲಿ, ಸ್ಕ್ಯಾನರ್ ಹಾಕಿದವರು ಹಳೆಯ ಡಬ್ಬಿಯನ್ನು ತೆಗೆಯಬಾರದು.

ಹೋದ ಸುಗ್ಗಿಯಲ್ಲಿ ಔರಾದ ಕಡೆಯ ಒಬ್ಬ ಅಜ್ಜಿ ನಮ್ಮ ಕಚೇರಿ ಕಿಟಕಿಗೆ ಬಂದಳು. ಸೆರಗಿನಲ್ಲಿ ಜೋಳ. "ಈಗ ಎಲ್ಲಾ ಫೋನಿನ್ಯಾಗೇ ಅಂತ ಮೊಮ್ಮಗ ಅಂದಾನ. ನನ್ನ ಬಲ್ಲಿ ಫೋನ್ ಇಲ್ಲೋ ಯಪ್ಪಾ, ಇದು ನಡೀತದೇನು?" ಅಂದಳು. ಅಳೆದು ನೋಡಿದೆವು, ಎರಡು ಸೇರು. ದಾಸೋಹದ ಕೋಣೆಗೆ ಕಳಿಸಿ, ಪಾವತಿ ಪುಸ್ತಕದಲ್ಲಿ "ಜೋಳ, 2 ಸೇರು" ಎಂದು ಬರೆದು ಸಿಕ್ಕಾ ಒತ್ತಿ ಕೊಟ್ಟೆವು. ಅಜ್ಜಿ ಅದನ್ನು ಎರಡು ಸಲ ಓದಿಸಿಕೊಂಡು, ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಇಳಿದು ಹೋದಳು.