ನಡುವಿನ ಕುರ್ಚಿ ಯಾರದು?

ಹಳೆಯ ಲೋಕಲ್ ಬೋರ್ಡುಗಳ ಗ್ರೂಪ್ ಫೋಟೊಗಳೆಲ್ಲ ಒಂದೇ ಅಚ್ಚಿನವು. ಮುಂದಿನ ಸಾಲಿನ ಬೆತ್ತದ ಕುರ್ಚಿಗಳಲ್ಲಿ ಜರಿಪೇಟ, ಮುಚ್ಚುಕೋಟು ತೊಟ್ಟು ಮಂಡಿಯ ಮೇಲೆ ಕೈಯಿಟ್ಟು ಬಿಗಿದು ಕುಳಿತ ಮೆಂಬರುಗಳು, ಹಿಂದೆ ಗುಮಾಸ್ತರು, ತುದಿಯಲ್ಲಿ ಡವಾಲಿ ಹಾಕಿದ ಜವಾನ. ಫೋಟೊದ ಕೆಳಗಿನ ಪಟ್ಟಿಯಲ್ಲಿ ಅವನೊಬ್ಬನ ಹೆಸರು ಬಹುಮಟ್ಟಿಗೆ ಇರುವುದಿಲ್ಲ.

ಇಂಥ ಫೋಟೊದಲ್ಲಿ ಮೊದಲು ನೋಡಬೇಕಾದದ್ದು ನಡುವಿನ ಕುರ್ಚಿಯನ್ನು. ವೈಸ್‌ರಾಯ್ ರಿಪನ್ 1882ರ ಮೇ 18ರಂದು ಹೊರಡಿಸಿದ ಸ್ಥಳೀಯ ಸ್ವಯಮಾಡಳಿತದ ನಿರ್ಣಯದಲ್ಲಿ ಆ ಕುರ್ಚಿಯ ಮಾತೂ ಇತ್ತು. ಬೋರ್ಡಿನಲ್ಲಿ ಅಧಿಕಾರಿಗಳು ಮೂರನೇ ಒಂದು ಪಾಲು ಮೀರಬಾರದು, ಸಾಧ್ಯವಿದ್ದಲ್ಲೆಲ್ಲ ಅಧ್ಯಕ್ಷರೂ ಸರ್ಕಾರಿ ನೌಕರರಲ್ಲದವರೇ ಆಗಿರಬೇಕು ಎಂದಿತ್ತು. ಕಾಗದದ ಮಾತು ಕಾಗದದಲ್ಲೇ ಉಳಿಯಿತು. ರಸ್ತೆ, ಬಾವಿ, ಶಾಲೆ, ದವಾಖಾನೆಗಳ ಮಾತಾಡಲು ಕೂತ ಜಿಲ್ಲಾ ಬೋರ್ಡುಗಳ ನಡುವೆ ದಶಕಗಳ ಕಾಲ ಕಲೆಕ್ಟರರೇ ಕೂತರು.

ಕರ್ನಾಟಕದಲ್ಲಿ ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಹಟ ಹಿಡಿದು ತಂದ 1983ರ ಪಂಚಾಯತ್ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದಾಗ ಈ ಸಾಲು ಅದಲುಬದಲಾಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಸಿಕ್ಕಿತು. ಐಎಎಸ್ ಅಧಿಕಾರಿ ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿಯಾದರು. ಶೇ 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿದ್ದರಿಂದ ಫೋಟೊಗಳಲ್ಲಿ ಪೇಟ, ಟೋಪಿಗಳ ನಡುವೆ ಸೀರೆಗಳೂ ಕಂಡವು. ಇಂದು ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದು.

ಆದರೆ ಸದಸ್ಯರು ಜಗಳಾಡುವಾಗ ಯಾರೂ ಗ್ರೂಪ್ ಫೋಟೊ ತೆಗೆಯುವುದಿಲ್ಲ. ಅಧ್ಯಕ್ಷೆ ನಡುವೆ ಕುಳಿತಿರುತ್ತಾರೆ. ಗುತ್ತಿಗೆದಾರರ ಜೊತೆ ಮಾತು ಮುಗಿಸಿ ಬಂದವರು ಅವರ ಯಜಮಾನರಾಗಿದ್ದರೆ ಅದು ಚಿತ್ರದಲ್ಲಿ ಬೀಳದು. ಅದನ್ನು ಹುಡುಕಬೇಕಾದದ್ದು ನಡಾವಳಿ ಪುಸ್ತಕದಲ್ಲಿ. ಯಾವ ಕೇರಿಯ ಚರಂಡಿ ಮಂಜೂರಾಯಿತು, ಯಾವುದು ‘ಮುಂದಿನ ಸಭೆಗೆ’ ಎಂದು ಉಳಿಯಿತು, ಸೂಚಕರು ಯಾರು, ಅನುಮೋದಕರು ಯಾರು, ಆಕ್ಷೇಪ ಎತ್ತಿದವರ ಹೆಸರು ದಾಖಲಾಯಿತೇ? ಪುಟದುದ್ದಕ್ಕೂ ‘ಸರ್ವಾನುಮತದಿಂದ’ ಎಂದೇ ಇದ್ದರೆ ಕೊಂಚ ಅನುಮಾನ ಪಡುವುದೇ ಒಳ್ಳೆಯದು.

ಕಾಯ್ದೆ ಕುರ್ಚಿ ಕೊಡಿಸಬಲ್ಲದು, ಮಾತು ನಡೆಸಿಕೊಡದು. ಮುಂದಿನ ಗ್ರಾಮಸಭೆಗೆ ಹೋದಾಗ ಕಳೆದ ಸಭೆಯ ನಡಾವಳಿ ಓದಿಸಿ. ಪ್ರಶ್ನೆಯನ್ನು ಅಧ್ಯಕ್ಷೆಗೇ ಕೇಳಿ. ಪಕ್ಕದಲ್ಲಿ ನಿಂತವರು ಉತ್ತರಿಸಲು ಬಂದರೆ, ಅವರು ಸುಮ್ಮನಾಗುವವರೆಗೆ ಕಾಯಿರಿ.